ಮಸ್ಕ್ಯುಲರ್ ಡಿಸ್ಟ್ರಫಿಗೆ ಜೀನ್ ಥೆರಪಿ: ಸ್ನಾಯು ಚೇತರಿಸಿಕೊಂಡಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮಸ್ಕ್ಯುಲರ್ ಡಿಸ್ಟ್ರಫಿ ಅಂದರೆ ಸ್ನಾಯು ಬರಬರುತ್ತಾ ಸವೆದುಹೋಗುವ ಜೀನ್ ಕಾಯಿಲೆ. ಜೀನ್ ಥೆರಪಿ ಅಂದರೆ ಕೆಟ್ಟ ಜೀನಿನ ಬದಲು ಕೆಲಸ ಮಾಡುವ ಜೀನನ್ನು ದೇಹಕ್ಕೆ ಕೊಡುವ ಚಿಕಿತ್ಸೆ. ನಾನು ಸ್ನಾಯುವಿನಿಂದ ತೆಗೆದ ಸಣ್ಣ ತುಂಡುಗಳ, ಅಂದರೆ ಬಯಾಪ್ಸಿಯ, ಸ್ಲೈಡುಗಳನ್ನು ನೋಡುವ ಕೆಲಸ ಮಾಡುತ್ತೇನೆ. ವರದಿ ಕೈಗೆ ಬಂದ ಮೇಲೆ ಅಪ್ಪ ಅಮ್ಮಂದಿರು ಕೇಳುವ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: "ಪ್ರೋಟೀನ್ ಬಂದಿದೆ ಅಂತ ಬರೆದಿದ್ದಾರೆ. ಹಾಗಾದ್ರೆ ಮಗು ಗುಣ ಆಯ್ತು ಅಲ್ವಾ?" ಹೌದು ಅನ್ನಲು ಮನಸ್ಸು ತುಂಬಾ ಇರುತ್ತದೆ. ಆದರೆ ಸ್ನಾಯುವಿನೊಳಗೆ ಪ್ರೋಟೀನ್ ಕಾಣಿಸುವುದು ಬೇರೆ. ಎಳೆಗಳು ಸಾಯುವುದು ನಿಲ್ಲುವುದು ಬೇರೆ. ಮಗು ಸಲೀಸಾಗಿ ಮೆಟ್ಟಿಲು ಹತ್ತುವುದು ಬೇರೆ. ಮೂರಕ್ಕೂ ಅಳತೆಗಳು ಬೇರೆ ಬೇರೆ. ಯಾವ ಅಳತೆ ಯಾವುದನ್ನು ಹೇಳುತ್ತದೆ ಅಂತ ತಿಳಿದಿದ್ದರೆ ವರದಿ ಓದುವಾಗ ಸುಮ್ನೆ ಹಿಗ್ಗುವುದೂ ತಪ್ಪುತ್ತದೆ, ಸುಮ್ನೆ ಕುಗ್ಗುವುದೂ ತಪ್ಪುತ್ತದೆ.

ಈ ಕಾಯಿಲೆಯಲ್ಲಿ ಸ್ನಾಯುವಿಗೆ ನಿಜವಾಗಿ ಆಗುವುದೇನು?

ಸ್ನಾಯು ಅಂದರೆ ಸಾವಿರಾರು ಉದ್ದನೆಯ ಎಳೆಗಳ ಕಟ್ಟು. ಪ್ರತಿ ಎಳೆಗೂ ಸುತ್ತ ತೆಳುವಾದ ಪೊರೆ ಇದೆ. ಎಳೆ ಬಿಗಿಯಾದಾಗ, ಸಡಿಲವಾದಾಗ ಆ ಪೊರೆಯ ಮೇಲೆ ಎಳೆತ ಬೀಳುತ್ತದೆ. ಡಿಸ್ಟ್ರೋಫಿನ್ ಅನ್ನುವ ಪ್ರೋಟೀನ್ ಎಳೆಯ ಒಳಗಿನ ಚೌಕಟ್ಟನ್ನು ಪೊರೆಗೆ ಕಟ್ಟಿ ಹಿಡಿದಿರುತ್ತದೆ. ಡುಶೆನ್ ಅನ್ನುವ ಬಗೆಯಲ್ಲಿ ಅದು ಇರುವುದಿಲ್ಲ. ಆಗ ದಿನದ ಓಡಾಟಕ್ಕೇ ಪೊರೆ ಹರಿಯುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಎಳೆ ಸಾಯುತ್ತದೆ.

ಮೊದಮೊದಲು ಸ್ನಾಯು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಎಳೆಗಳ ಪಕ್ಕದಲ್ಲಿ ಕಾದು ಕೂತಿರುವ ಸ್ಯಾಟಲೈಟ್ ಕೋಶಗಳು ಎದ್ದು ಹೊಸ ಎಳೆ ಕಟ್ಟುತ್ತವೆ. ಹೊಸ ಎಳೆಯಲ್ಲೂ ಡಿಸ್ಟ್ರೋಫಿನ್ ಇರುವುದಿಲ್ಲವಲ್ಲ, ಅದೂ ಹರಿಯುತ್ತದೆ. ಕಟ್ಟುವುದು, ಒಡೆಯುವುದು, ಮತ್ತೆ ಕಟ್ಟುವುದು. ವರ್ಷಗಟ್ಟಲೆ ಹೀಗೇ ನಡೆದು ಕೊನೆಗೆ ಆ ಜಾಗದಲ್ಲಿ ಗಟ್ಟಿ ನಾರು ಮತ್ತು ಕೊಬ್ಬು ತುಂಬಿಕೊಳ್ಳುತ್ತವೆ. ಮೀನಖಂಡ ದಪ್ಪಗೆ ಕಾಣುತ್ತದೆ, ಶಕ್ತಿ ಮಾತ್ರ ಇರುವುದಿಲ್ಲ.

ಎಲ್ಲ ಮಸ್ಕ್ಯುಲರ್ ಡಿಸ್ಟ್ರಫಿಯೂ ಒಂದೇನಾ?

ಅಲ್ಲ. ಡುಶೆನ್, ಬೆಕರ್, ಲಿಂಬ್ ಗರ್ಡಲ್, ಎಫ್‌ಎಸ್‌ಎಚ್‌ಡಿ, ಮಯೋಟೋನಿಕ್ ಹೀಗೆ ಹಲವು ಬಗೆಗಳಿವೆ. ಒಂದೊಂದಕ್ಕೂ ಜೀನ್ ಬೇರೆ. ಲಿಂಬ್ ಗರ್ಡಲ್ ಅನ್ನುವುದೇ ಹತ್ತಾರು ಕಾಯಿಲೆಗಳ ಗುಂಪು. ಒಂದಕ್ಕೆ ಮಾಡಿದ ಜೀನ್ ಥೆರಪಿ ಇನ್ನೊಂದಕ್ಕೆ ನಡೆಯುವುದಿಲ್ಲ. ಇಲ್ಲಿ ಹೆಚ್ಚಾಗಿ ಡುಶೆನ್ ಬಗ್ಗೆ ಬರೆದಿದ್ದೇನೆ. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ, ಜೀನ್ ಥೆರಪಿಯ ಕೆಲಸವೂ ಇದರಲ್ಲೇ ಜಾಸ್ತಿ ನಡೆದಿದೆ.

ಎಸ್‌ಎಂಎ ಮಕ್ಕಳಿಗೆ ಒಂದೇ ಇಂಜೆಕ್ಷನ್‌ನಿಂದ ಅಷ್ಟು ಚೆನ್ನಾಗಿ ಆಗುತ್ತದಂತೆ. ನಮಗೆ ಯಾಕೆ ಇಲ್ಲ?

ಈ ಪ್ರಶ್ನೆಯ ಹಿಂದಿರುವ ನೋವು ನನಗೆ ಅರ್ಥವಾಗುತ್ತದೆ. ಎಸ್‌ಎಂಎ ಸ್ನಾಯುವಿನ ಕಾಯಿಲೆಯಲ್ಲ, ಸ್ನಾಯುವಿಗೆ ಆಜ್ಞೆ ಕಳಿಸುವ ನರಕೋಶಗಳ ಕಾಯಿಲೆ. ಅದಕ್ಕೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಜೊಲ್ಗೆನ್ಸ್ಮಾ ಕೂಡ ಜೀನ್ ಥೆರಪಿಯೇ. ಆದರೆ ಆ ಜೀನಿನ ಸಂದೇಶ ಚಿಕ್ಕದು. ಜೀನನ್ನು ಕೋಶದೊಳಗೆ ಹೊತ್ತೊಯ್ಯಲು ಬಳಸುವ ವೈರಸ್ಸಿನೊಳಗೆ ಪೂರ್ತಿ ಹಿಡಿಸುತ್ತದೆ. ಡಿಸ್ಟ್ರೋಫಿನ್ ವಿಷಯದಲ್ಲಿ ಕಷ್ಟ ಶುರುವಾಗುವುದೇ ಇಲ್ಲಿ.

ಜೀನ್ ಅಷ್ಟು ದೊಡ್ಡದಾ? ಹಾಗಾದರೆ ಅದನ್ನು ಒಳಗೆ ಕಳಿಸುವುದು ಹೇಗೆ?

ಮನುಷ್ಯರ ಜೀನ್‌ಗಳಲ್ಲೇ ಅತಿ ಉದ್ದದ್ದರಲ್ಲಿ ಡಿಸ್ಟ್ರೋಫಿನ್ ಜೀನ್ ಒಂದು. ಎಕ್ಸ್ ಕ್ರೋಮೋಸೋಮಿನ ಮೇಲೆ 22 ಲಕ್ಷಕ್ಕೂ ಹೆಚ್ಚು ಡಿಎನ್‌ಎ ಅಕ್ಷರಗಳಷ್ಟು ಜಾಗ ಹಿಡಿದಿದೆ. 79 ಎಕ್ಸಾನ್‌ಗಳು, ಅಂದರೆ ಸಂದೇಶದ 79 ತುಂಡುಗಳು. ಬೇಡದ್ದನ್ನೆಲ್ಲ ತೆಗೆದು ಪ್ರೋಟೀನ್ ಕಟ್ಟಲು ಬೇಕಾದ ಭಾಗ ಮಾತ್ರ ಉಳಿಸಿಕೊಂಡರೂ ಸುಮಾರು 11,000 ಅಕ್ಷರ. ಸ್ನಾಯುವಿಗೆ ಜೀನ್ ಹೊತ್ತೊಯ್ಯಲು ಬಳಸುವ ಎಎವಿ ಅನ್ನುವ ಚಿಕ್ಕ ವೈರಸ್ಸಿನಲ್ಲಿ ಹಿಡಿಸುವುದು ಸುಮಾರು 4,700 ಅಕ್ಷರ ಮಾತ್ರ.

ದಾರಿ ತೋರಿಸಿದ್ದು ಒಬ್ಬ ರೋಗಿ. 1990ರಲ್ಲಿ ಬೆಕರ್ ಅನ್ನುವ ಸೌಮ್ಯ ಬಗೆಯ ಒಂದು ಕುಟುಂಬದ ವಿವರ ಪ್ರಕಟವಾಯಿತು. ಅವರಲ್ಲಿ 17ರಿಂದ 48ರವರೆಗಿನ ಎಕ್ಸಾನ್‌ಗಳು ಇರಲೇ ಇಲ್ಲ. ಪ್ರೋಟೀನಿನ ಸಂದೇಶದಲ್ಲಿ ಸುಮಾರು 46% ಮಾಯ. ಆದರೂ ಅವರಲ್ಲೊಬ್ಬರು 61ನೇ ವಯಸ್ಸಿನಲ್ಲಿ ನಡೆದಾಡುತ್ತಿದ್ದರು. ಡಿಸ್ಟ್ರೋಫಿನ್‌ನ ಎರಡು ತುದಿಗಳೇ ಮುಖ್ಯ, ಸ್ಪ್ರಿಂಗಿನಂತಿರುವ ನಡುಭಾಗ ಗಿಡ್ಡವಾದರೂ ಕೆಲಸ ನಡೆಯುತ್ತದೆ ಅಂತ ಆಗ ಗೊತ್ತಾಯಿತು. ಅದರಿಂದಲೇ ಮೈಕ್ರೋ ಡಿಸ್ಟ್ರೋಫಿನ್ ಹುಟ್ಟಿದ್ದು. ತುದಿಗಳ ಮುಖ್ಯ ಭಾಗಗಳನ್ನು ಉಳಿಸಿಕೊಂಡು, ನಡುವಿನ 24 ಸುರುಳಿಗಳಲ್ಲಿ ನಾಲ್ಕೈದನ್ನು ಮಾತ್ರ ಇಟ್ಟು, ವೈರಸ್ಸಿಗೆ ಹಿಡಿಸುವಷ್ಟು ಚಿಕ್ಕದು ಮಾಡುತ್ತಾರೆ.

ಒಂದು ಮಾತು ನೆನಪಿರಲಿ. ಆ 61 ವರ್ಷದವರ ದೇಹದಲ್ಲಿದ್ದ ಪ್ರೋಟೀನಿಗಿಂತಲೂ ಮೈಕ್ರೋ ಡಿಸ್ಟ್ರೋಫಿನ್ ಎಷ್ಟೋ ಗಿಡ್ಡ. ಅವರಿಗೆ ಅದು ಹುಟ್ಟಿನಿಂದಲೇ ಎಲ್ಲ ಎಳೆಗಳಲ್ಲೂ ಇತ್ತು. ಮಗುವಿಗೆ ಸಿಗುವುದು ನಾಲ್ಕೈದು ವರ್ಷದ ಹಾನಿ ಆದ ಮೇಲೆ.

ಈಗ ಸಿಗುವ ಚಿಕಿತ್ಸೆ ಯಾವುದು?

ಸರೆಪ್ಟಾ ಕಂಪನಿಯ ಎಲೆವಿಡಿಸ್, ಮೈಕ್ರೋ ಡಿಸ್ಟ್ರೋಫಿನ್ ಜೀನನ್ನು ಎಎವಿಯಲ್ಲಿ ಹೊತ್ತು ತರುವ ಔಷಧ. 2023ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 4 ಮತ್ತು 5 ವರ್ಷದ, ನಡೆಯಬಲ್ಲ ಮಕ್ಕಳಿಗೆ ಇದನ್ನು ಒಪ್ಪಿತು. ಆ ಒಪ್ಪಿಗೆಗೆ ಆಧಾರ ಸ್ನಾಯುವಿನಲ್ಲಿ ಕಂಡ ಮೈಕ್ರೋ ಡಿಸ್ಟ್ರೋಫಿನ್, ನಡಿಗೆಯಲ್ಲಿ ಆದ ಸುಧಾರಣೆ ಅಲ್ಲ. 2024ರ ಜೂನ್‌ನಲ್ಲಿ 4 ವರ್ಷ ದಾಟಿದ ಎಲ್ಲರಿಗೂ, ವೀಲ್‌ಚೇರಿನಲ್ಲಿರುವವರಿಗೂ ವಿಸ್ತರಿಸಿದರು. 2025ರಲ್ಲಿ ನಡೆಯಲಾಗದ ಇಬ್ಬರು ಹುಡುಗರು ಲಿವರ್ ಕೈಕೊಟ್ಟು ತೀರಿಕೊಂಡರು. ಆಮೇಲೆ ಔಷಧದ ಲೇಬಲ್ಲಿನಲ್ಲಿ ಅತಿ ಗಂಭೀರ ಎಚ್ಚರಿಕೆ ಸೇರಿತು, ಬಳಕೆ ಮತ್ತೆ 4 ವರ್ಷ ದಾಟಿದ, ನಡೆಯಬಲ್ಲವರಿಗೆ ಸೀಮಿತವಾಯಿತು. ಯುರೋಪಿನ ಔಷಧ ಸಮಿತಿ 2025ರ ಜುಲೈನಲ್ಲಿ ಒಪ್ಪಿಗೆ ಬೇಡ ಅಂತ ಶಿಫಾರಸು ಮಾಡಿತು.

ಫೈಜರ್ ಕಂಪನಿಯೂ ಇದೇ ದಾರಿಯಲ್ಲಿತ್ತು. ಅವರ ಪ್ರಯೋಗಗಳಲ್ಲಿ 2021ರಲ್ಲಿ ಒಬ್ಬರು, 2024ರಲ್ಲಿ ಒಬ್ಬ ಚಿಕ್ಕ ಹುಡುಗ ತೀರಿಕೊಂಡರು. 2024ರ ಜೂನ್‌ನಲ್ಲಿ ದೊಡ್ಡ ಪ್ರಯೋಗದ ಫಲಿತಾಂಶವೂ ಕೈಹಿಡಿಯಲಿಲ್ಲ. ಅವರು ಅಲ್ಲಿಗೆ ಕೈಬಿಟ್ಟರು. ಸಾಲಿಡ್ ಬಯೋಸೈನ್ಸಸ್, ರೀಜೆನೆಕ್ಸ್‌ಬಯೋ, ಫ್ರಾನ್ಸಿನ ಜೆನೆಥಾನ್ ತಮ್ಮ ತಮ್ಮ ಬೇರೆ ವಿನ್ಯಾಸಗಳೊಂದಿಗೆ ಪ್ರಯೋಗ ನಡೆಸಿವೆ.

ಈ ಸಾವುಗಳನ್ನು ಇಲ್ಲಿ ಬರೆಯಲೇಬೇಕಿತ್ತು. ಒಳ್ಳೆಯ ಸುದ್ದಿಯ ವಿಡಿಯೋಗಳಲ್ಲಿ ಇವು ಬರುವುದಿಲ್ಲ.

ಎಕ್ಸಾನ್ ಸ್ಕಿಪ್ಪಿಂಗ್ ಅಂತ ಹೇಳಿದರು. ಅದೂ ಇದೇನಾ?

ಬೇರೆ. ಅದು ಹೊಸ ಜೀನ್ ಕೊಡುವುದಿಲ್ಲ. ಮಗುವಿನ ಸ್ವಂತ ಜೀನಿನ ಸಂದೇಶ ಓದುವಾಗ ಒಂದು ಎಕ್ಸಾನನ್ನು ಹಾರಿಸಿ, ಮುರಿದುಹೋದ ವಾಕ್ಯವನ್ನು ಜೋಡಿಸುತ್ತದೆ. ಮೊದಲನೆಯದು ಎಟೆಪ್ಲಿರ್ಸೆನ್, 2016. ಎಕ್ಸಾನ್ 51 ಹಾರಿಸಿದರೆ ಸರಿಹೋಗುವ ಸುಮಾರು 13% ಮಕ್ಕಳಿಗೆ ಮಾತ್ರ ಅದು. ವಾರವಾರ ಡ್ರಿಪ್ ಹಾಕಿಸಬೇಕು. ಒಂದು ಅಧ್ಯಯನದಲ್ಲಿ 48 ವಾರಗಳ ನಂತರ ಡಿಸ್ಟ್ರೋಫಿನ್ ಸಹಜ ಮಟ್ಟದ 0.16%ರಿಂದ 0.44%ಗೆ ಏರಿತು. ಎಷ್ಟು ಕಡಿಮೆ ನೋಡಿ. ಆದರೆ ಅದು ಒಳಭಾಗ ಗಿಡ್ಡವಾದರೂ ಹೆಚ್ಚುಕಮ್ಮಿ ಪೂರ್ತಿ ಡಿಸ್ಟ್ರೋಫಿನ್. ಶೇಕಡಾವಾರು ಹೋಲಿಸುವಾಗ ಇದು ಲೆಕ್ಕಕ್ಕೆ ಬರುತ್ತದೆ.

ಇದು ತಾಯಿಯಿಂದ ಬಂತು ಅಂತಾರೆ. ನನ್ನ ತಪ್ಪಾ?

ಖಂಡಿತ ಅಲ್ಲ. ಸುಮಾರು ಮೂರನೇ ಒಂದು ಪಾಲು ಮಕ್ಕಳಲ್ಲಿ ಈ ಬದಲಾವಣೆ ಹೊಸದಾಗಿ ಆಗಿರುತ್ತದೆ, ತಾಯಿಯ ರಕ್ತದಲ್ಲಿ ಇರುವುದೇ ಇಲ್ಲ. ಇದ್ದರೂ ಅದನ್ನು ಯಾರೂ ಆರಿಸಿಕೊಂಡು ತಂದಿದ್ದಲ್ಲ. ತಾಯಿ ತಪಾಸಣೆ ಮಾಡಿಸಿಕೊಳ್ಳಬೇಕು ಅನ್ನುವುದಕ್ಕೆ ಕಾರಣ ಬೇರೆ: ಬದಲಾದ ಜೀನ್ ಇರುವ ಹೆಂಗಸರ ಹೃದಯವನ್ನು ಆಗಾಗ ನೋಡಿಸುತ್ತಿರಬೇಕು.

ಎಲ್ಲ ಮಕ್ಕಳಿಗೂ ಕೊಡಬಹುದಾ?

ಮೂರು ವಿಷಯ ನೋಡುತ್ತಾರೆ.

ಮೊದಲನೆಯದು, ಜೀನಿನಲ್ಲಿ ಏನು ಇಲ್ಲ ಅನ್ನುವುದು. ಎಕ್ಸಾನ್ 8 ಅಥವಾ 9ರಲ್ಲಿ ತುಂಡು ಕಳೆದುಹೋಗಿದ್ದರೆ ಎಲೆವಿಡಿಸ್ ಕೊಡುವಂತಿಲ್ಲ. ಕಾರಣ ಹೀಗೆ. ಮಗುವಿನ ದೇಹ ಪ್ರೋಟೀನಿನ ಆ ಭಾಗವನ್ನು ಹುಟ್ಟಿದಾಗಿನಿಂದ ನೋಡೇ ಇಲ್ಲ. ಮೈಕ್ರೋ ಡಿಸ್ಟ್ರೋಫಿನ್‌ನಲ್ಲಿ ಆ ಭಾಗ ಇದೆ. ದೇಹ ಅದನ್ನು ಪರಕೀಯ ಅಂದುಕೊಂಡು ಸ್ನಾಯುವಿನ ಮೇಲೇ ದಾಳಿ ಮಾಡುತ್ತದೆ. ಬೇರೆ ಬೇರೆ ಕಂಪನಿಗಳ ಪ್ರಯೋಗಗಳಲ್ಲಿದ್ದ 5 ಹುಡುಗರಿಗೆ ಹೀಗೆ ಆಯಿತು. ಪೈಪೋಟಿಯಲ್ಲಿದ್ದವರು ತಮ್ಮ ತಮ್ಮ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಇವರೆಲ್ಲರ ಜೀನಿನಲ್ಲಿ ಕಳೆದುಹೋದ ಭಾಗ ಒಂದೇ ಕಡೆಯದ್ದು ಅಂತ ಹೊಳೆದದ್ದು. 2023ರಲ್ಲಿ ಅದನ್ನು ಪ್ರಕಟಿಸಿದರು. ಇಂಥ ಕೆಲಸ ಇನ್ನೂ ಆಗಬೇಕು.

ಎರಡನೆಯದು, ರಕ್ತದಲ್ಲಿ ಎಎವಿ ವೈರಸ್ಸಿನ ವಿರುದ್ಧ ಮೊದಲೇ ಪ್ರತಿಕಾಯಗಳಿವೆಯೇ ಅನ್ನುವುದು. ಇದ್ದರೆ ವೈರಸ್ ಸ್ನಾಯು ಮುಟ್ಟುವ ಮೊದಲೇ ನಾಶವಾಗುತ್ತದೆ. ಮೂರನೆಯದು ಲಿವರ್, ಹೃದಯ, ಆ ಹೊತ್ತಿನಲ್ಲಿ ಸೋಂಕು ಇದೆಯೇ ಅನ್ನುವುದು.

ಹಾಗಾಗಿ ಮಗುವಿನ ಪೂರ್ತಿ ಜೀನ್ ವರದಿ ಕೈಯಲ್ಲಿರಲಿ. ಬರೀ "ಡಿಎಂಡಿ (ಡುಶೆನ್ ಕಾಯಿಲೆಯ ಚಿಕ್ಕ ಹೆಸರು) ಪಾಸಿಟಿವ್" ಅಂತ ಬರೆದ ಕಾಗದ ಸಾಲದು. ಯಾವ ಎಕ್ಸಾನಿನಿಂದ ಯಾವ ಎಕ್ಸಾನಿನವರೆಗೆ ಅಂತ ಬೇಕು.

ಔಷಧ ಕೊಟ್ಟ ಮೇಲಿನ ವಾರಗಳಲ್ಲಿ ಏನು ಗಮನಿಸಬೇಕು?

ಡ್ರಿಪ್ ಒಂದೇ ಸಲ, ಒಂದೆರಡು ಗಂಟೆ. ಪ್ರಮಾಣ ಮಾತ್ರ ಊಹೆಗೆ ಮೀರಿದ್ದು: ಎಲೆವಿಡಿಸ್‌ನಲ್ಲಿ ಪ್ರತಿ ಕಿಲೋ ತೂಕಕ್ಕೆ 133 ಲಕ್ಷ ಕೋಟಿ ವೈರಸ್ ಕಣಗಳು. ಇಷ್ಟೂ ರಕ್ತದಲ್ಲಿ ಹರಿಯುವಾಗ ದೊಡ್ಡ ಪಾಲು ಲಿವರ್‌ಗೆ ಹೋಗುತ್ತದೆ. ಮೊದಲ ಕೆಲವು ದಿನ ವಾಂತಿ, ಸುಸ್ತು ಸಾಮಾನ್ಯ. ಗಂಭೀರ ತೊಂದರೆ ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲಿ. ಅದಕ್ಕೇ ಡ್ರಿಪ್‌ಗೆ ಹಿಂದಿನ ದಿನದಿಂದಲೇ, ಈ ಮಕ್ಕಳು ಹೆಚ್ಚಾಗಿ ಮೊದಲಿನಿಂದ ತೆಗೆದುಕೊಳ್ಳುವ, ದೇಹದ ಪ್ರತಿದಾಳಿ ತಗ್ಗಿಸುವ ಸ್ಟೆರಾಯ್ಡ್ ಪ್ರಮಾಣ ಏರಿಸುತ್ತಾರೆ, ರಕ್ತಪರೀಕ್ಷೆ ಪದೇ ಪದೇ ಮಾಡಿಸುತ್ತಾರೆ.

ಇಲ್ಲಿ ಒಂದು ಗೊಂದಲ ಆಗುತ್ತಲೇ ಇರುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡನ್ನೂ ಎಲ್ಲರೂ ಲಿವರ್ ಪರೀಕ್ಷೆ ಅಂತಲೇ ಕರೆಯುತ್ತಾರೆ. ಅವು ಸ್ನಾಯುವಿನಿಂದಲೂ ಬರುತ್ತವೆ. ಡುಶೆನ್ ಇರುವ ಮಗುವಿಗೆ ಔಷಧಕ್ಕೆ ಮುಂಚೆಯೇ ಇವು ಜಾಸ್ತಿ ಇರುತ್ತವೆ. ಎಷ್ಟೋ ಮಕ್ಕಳನ್ನು ಕಾಯಿಲೆ ಗೊತ್ತಾಗುವ ಮೊದಲು ಲಿವರ್ ಡಾಕ್ಟರ್ ಹತ್ತಿರ ಅಲೆದಾಡಿಸಿರುತ್ತಾರೆ. ಲಿವರ್ ನಿಜವಾಗಿ ನೋಯುತ್ತಿದೆಯೇ ಅಂತ ತಿಳಿಯಲು ಜಿಜಿಟಿ ಅನ್ನುವ ಕಿಣ್ವ ನೋಡಬೇಕು. ಅದು ಸ್ನಾಯುವಿನಿಂದ ಬರುವುದಿಲ್ಲ. ಜೊತೆಗೆ ಬಿಲಿರುಬಿನ್, ಹೃದಯಕ್ಕೆ ಟ್ರೋಪೋನಿನ್ ಐ, ಪ್ಲೇಟ್‌ಲೆಟ್ ಎಣಿಕೆ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಎದೆನೋವು ಬಂದರೆ, ಇದ್ದಕ್ಕಿದ್ದಂತೆ ಶಕ್ತಿ ಕುಸಿದರೆ ನಾಳೆ ನೋಡೋಣ ಅನ್ನಬೇಡಿ.

ಬಯಾಪ್ಸಿಯಲ್ಲಿ ನೀವು ನೋಡುವುದೇನು?

ತೊಡೆಯಿಂದಲೋ ಮೀನಖಂಡದಿಂದಲೋ ಬೆರಳಿನ ಉಗುರಿಗಿಂತ ಚಿಕ್ಕ ತುಂಡು ತೆಗೆಯುತ್ತಾರೆ. ತಕ್ಷಣ ಅದನ್ನು ದ್ರವ ನೈಟ್ರೋಜನ್‌ನಿಂದ ತಣಿಸಿದ ಐಸೋಪೆಂಟೇನ್ ಅನ್ನುವ ದ್ರವದಲ್ಲಿ ಅದ್ದುತ್ತಾರೆ. ಇದು ಸೆಕೆಂಡುಗಳ ಕೆಲಸ. ನಿಧಾನವಾದರೆ ಎಳೆಗಳೊಳಗೆ ಐಸ್ ಹರಳುಗಟ್ಟಿ ಸ್ಲೈಡಿನಲ್ಲಿ ಜರಡಿಯಂತೆ ತೂತು ಕಾಣುತ್ತದೆ. ಆ ತುಂಡು ಹಾಳಾದ ಹಾಗೆಯೇ. ಆಮೇಲೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾಗಿ ಅಡ್ಡಕ್ಕೆ ಕೊಯ್ದು ಗಾಜಿನ ಮೇಲೆ ಕೂರಿಸುತ್ತಾರೆ.

ಆರೋಗ್ಯವಂತ ಸ್ನಾಯು ಸೂಕ್ಷ್ಮದರ್ಶಕದಡಿ ಒತ್ತಾಗಿ ಜೋಡಿಸಿದ ನೆಲಹಾಸಿನ ಕಲ್ಲುಗಳಂತೆ ಕಾಣುತ್ತದೆ. ಎಲ್ಲ ಹೆಚ್ಚುಕಮ್ಮಿ ಒಂದೇ ಗಾತ್ರ, ಮೂಲೆಗಳಿರುವ ಆಕಾರ, ನಡುವೆ ಸಂದು ಇಲ್ಲ. ಡುಶೆನ್ ಸ್ನಾಯುವಿನಲ್ಲಿ ಎಳೆಗಳು ದುಂಡಗಾಗಿರುತ್ತವೆ. ಒಂದು ಊದಿಕೊಂಡಿದ್ದರೆ ಪಕ್ಕದ್ದು ಚುಕ್ಕಿಯಷ್ಟು. ನಡುವೆಲ್ಲ ನಾರು, ಅಲ್ಲಲ್ಲಿ ಕೊಬ್ಬಿನ ಬಿಳಿ ಖಾಲಿ ಜಾಗ.

ಡಿಸ್ಟ್ರೋಫಿನ್‌ಗೆ ಹಸಿರು ಹೊಳಪಿನ ಬಣ್ಣ ಕಟ್ಟಿ ಕತ್ತಲೆಯಲ್ಲಿ ನೋಡಿದರೆ ಸಹಜ ಸ್ನಾಯುವಿನಲ್ಲಿ ಪ್ರತಿ ಎಳೆಯ ಸುತ್ತ ತೆಳು ಹಸಿರು ಬಳೆ. ಡುಶೆನ್ ಸ್ಲೈಡು ಕಪ್ಪೋ ಕಪ್ಪು. ಜೀನ್ ಥೆರಪಿ ಆದ ಮೂರು ತಿಂಗಳಿಗೆ ತೆಗೆದ ಸ್ಲೈಡಿನಲ್ಲಿ ಮತ್ತೆ ಬಳೆಗಳು ಹೊತ್ತಿಕೊಂಡಿರುವುದನ್ನು ನೋಡಿದರೆ ಮೈ ಜುಮ್ ಅನ್ನುತ್ತದೆ. ಎಷ್ಟು ಸಲ ನೋಡಿದರೂ ಹಾಗೆಯೇ. ಆದರೆ ಆ ಖುಷಿಯಲ್ಲೇ ಲೇಖನಿ ಎತ್ತಿಕೊಂಡು ವರದಿ ಬರೆಯಬಾರದು.

ವರದಿಯಲ್ಲಿ "40%" ಅಂತ ಇದೆ. ಅಂದರೆ ಶೇಕಡಾ 40ರಷ್ಟು ಗುಣವಾಗಿದೆಯಾ?

ಇಲ್ಲ. ಮೊದಲು ಆ 40 ಯಾವುದರ 40 ಅಂತ ಕೇಳಿ.

ಒಂದು, ವೆಸ್ಟರ್ನ್ ಬ್ಲಾಟ್. ಸ್ನಾಯುವಿನ ತುಂಡನ್ನು ಅರೆದು, ಅದರಲ್ಲಿರುವ ಒಟ್ಟು ಪ್ರೋಟೀನನ್ನು ಸಹಜ ಸ್ನಾಯುವಿನ ಜೊತೆ ಹೋಲಿಸುತ್ತಾರೆ. ಎಲ್ಲ ಎಳೆಗಳಲ್ಲೂ ಸ್ವಲ್ಪ ಸ್ವಲ್ಪ ಇದ್ದರೂ 40 ಬರಬಹುದು. ಅರ್ಧಕ್ಕಿಂತ ಕಡಿಮೆ ಎಳೆಗಳಲ್ಲಿ ತುಂಬಿ ತುಳುಕುತ್ತಿದ್ದು ಉಳಿದವು ಬರಿದಾಗಿದ್ದರೂ 40 ಬರಬಹುದು. ಈ ಎರಡು ಸ್ನಾಯುಗಳ ಹಣೆಬರಹ ಒಂದೇ ಅಲ್ಲ. ತುಂಡಿನಲ್ಲಿ ಕೊಬ್ಬು ಎಷ್ಟಿತ್ತು, ಅದನ್ನು ಲೆಕ್ಕದಿಂದ ಕಳೆದಿದ್ದಾರೆಯೇ ಅನ್ನುವುದರ ಮೇಲೂ ಅಂಕಿ ಬದಲಾಗುತ್ತದೆ.

ಎರಡು, ಬಳೆ ಇರುವ ಎಳೆಗಳ ಎಣಿಕೆ. ನೂರು ಎಳೆಗಳಲ್ಲಿ ನಲವತ್ತರ ಸುತ್ತ ಹಸಿರು ಕಂಡಿದೆ ಅಂತ. ಎಷ್ಟು ಹೊಳೆದರೆ "ಇದೆ" ಅಂತ ಲೆಕ್ಕ, ಬಳೆ ಪೂರ್ತಿ ಸುತ್ತಬೇಕೋ ಅರ್ಧ ಸುತ್ತಿದರೂ ಸಾಕೋ ಅನ್ನುವುದನ್ನು ಮೊದಲೇ ತೀರ್ಮಾನಿಸಿರಬೇಕು. ಮೂರು, ಹೊಳಪಿನ ತೀವ್ರತೆ. ನಾಲ್ಕು, ಮಾಸ್ ಸ್ಪೆಕ್ಟ್ರೋಮೆಟ್ರಿ, ಪ್ರೋಟೀನಿನ ತುಣುಕುಗಳನ್ನು ತೂಗಿ ಎಣಿಸುವ ವಿಧಾನ. ಐದು, ಪ್ರತಿ ನ್ಯೂಕ್ಲಿಯಸ್‌ಗೆ, ಅಂದರೆ ಎಳೆಯೊಳಗೆ ಜೀನ್‌ಗಳಿರುವ ಗೂಡಿಗೆ, ವೈರಸ್ ತಂದ ಜೀನಿನ ಎಷ್ಟು ನಕಲು ತಲುಪಿದೆ ಅನ್ನುವ ಲೆಕ್ಕ. ಕೊನೆಯದು ಸಾಮಾನು ಮುಟ್ಟಿತು ಅನ್ನುವುದನ್ನಷ್ಟೇ ಹೇಳುತ್ತದೆ, ಕೆಲಸ ಶುರುವಾಯಿತು ಅಂತಲ್ಲ.

ಇನ್ನೊಂದು ವಿಷಯ. ಮೈಕ್ರೋ ಡಿಸ್ಟ್ರೋಫಿನ್‌ನ 40% ಮತ್ತು ಪೂರ್ತಿ ಡಿಸ್ಟ್ರೋಫಿನ್‌ನ 40% ಒಂದೇ ತಕ್ಕಡಿಗೆ ಹಾಕುವ ಹಾಗಿಲ್ಲ. ಪೂರ್ತಿ ಪ್ರೋಟೀನ್ ವಿಷಯದಲ್ಲಿ ನಮಗೆ ಒಂದು ಆಧಾರ ಇದೆ: ಹೃದಯಕ್ಕೆ ಮಾತ್ರ ತೊಂದರೆಯಿರುವ ಕೆಲವು ಕುಟುಂಬಗಳಲ್ಲಿ ಸ್ನಾಯುವಿನ ಡಿಸ್ಟ್ರೋಫಿನ್ ಸುಮಾರು 30%ಗೆ ಇಳಿದಿದ್ದರೂ ಕೈಕಾಲಿನ ಶಕ್ತಿ ಚೆನ್ನಾಗಿದೆ. ಗಿಡ್ಡ ಪ್ರೋಟೀನಿಗೆ ಅಂಥ ಗೆರೆ ಎಳೆಯಲು ಬರುವುದಿಲ್ಲ.

ಚಿಕಿತ್ಸೆಗೆ ಮುಂಚೆಯೂ ಬಯಾಪ್ಸಿ ಬೇಕಾ? ಮಗುವಿಗೆ ಎರಡೆರಡು ಸಲ ನೋವು ಯಾಕೆ?

ಪ್ರಯೋಗಗಳಲ್ಲಿ ಬೇಕಾಗುತ್ತದೆ. ಔಷಧ ಮುಟ್ಟದ ಡುಶೆನ್ ಮಕ್ಕಳಲ್ಲೂ ಅಪರೂಪಕ್ಕೆ ಕೆಲವು ಎಳೆಗಳು ತಾವಾಗಿಯೇ ಡಿಸ್ಟ್ರೋಫಿನ್ ಮಾಡುತ್ತವೆ. ರಿವರ್ಟೆಂಟ್ ಎಳೆಗಳು ಅಂತಾರೆ. ಮೊದಲ ಸ್ಲೈಡು ಇಲ್ಲದಿದ್ದರೆ ಅವನ್ನೇ ಔಷಧದ ಫಲ ಅಂದುಕೊಳ್ಳುವ ಅಪಾಯವಿದೆ. ಪ್ರಯೋಗದ ಹೊರಗೆ, ಮಾಮೂಲಿ ಚಿಕಿತ್ಸೆಯಲ್ಲಿ, ಬಯಾಪ್ಸಿ ಹೆಚ್ಚಾಗಿ ಮಾಡಿಸುವುದಿಲ್ಲ.

ಅಂದಹಾಗೆ, ಬದುಕಿರುವ ರೋಗಿಯಿಂದ ಸ್ನಾಯುವಿನ ಚೂರು ತೆಗೆಯಲೆಂದು 1860ರ ದಶಕದಲ್ಲೇ ಸೂಜಿಯೊಂದನ್ನು ಮಾಡಿದವರು ಫ್ರಾನ್ಸಿನ ವೈದ್ಯ ಗಿಯೋಮ್ ಡುಶೆನ್. ಕಾಯಿಲೆಗೆ ಅವರ ಹೆಸರೇ ಇದೆ. ಒಂದೇ ರೋಗಿಯ ಸ್ನಾಯು ಕಾಲಕಾಲಕ್ಕೆ ಹೇಗೆ ಬದಲಾಗುತ್ತದೆ ಅನ್ನುವ ಪ್ರಶ್ನೆ ಅವರಿಗೂ ಇತ್ತು.

"ಸೆಂಟ್ರಲ್ ನ್ಯೂಕ್ಲಿಯೈ" ಕಡಿಮೆಯಾಗಿದೆ ಅಂತ ಓದಿದೆ. ಒಳ್ಳೆಯದಾ?

ಹೊಸದಾಗಿ ಕಟ್ಟಿಕೊಂಡ ಎಳೆಯಲ್ಲಿ ನ್ಯೂಕ್ಲಿಯಸ್ ನಡುವೆ ಇರುತ್ತದೆ, ಬಲಿತ ಎಳೆಯಲ್ಲಿ ಅಂಚಿಗೆ ಸರಿದಿರುತ್ತದೆ. ನಡುವಿನವು ಕಡಿಮೆ ಅಂದರೆ ಎಳೆಗಳು ಅಷ್ಟಾಗಿ ಸಾಯುತ್ತಿಲ್ಲ, ಹಾಗಾಗಿ ಹೊಸದು ಕಟ್ಟುವ ಅಗತ್ಯವೂ ಬೀಳುತ್ತಿಲ್ಲ ಅನ್ನಬಹುದು. ಇನ್ನೊಂದು ಅರ್ಥವೂ ಇದೆ: ಸ್ಯಾಟಲೈಟ್ ಕೋಶಗಳು ಸೋತು ಕಟ್ಟುವುದನ್ನೇ ಬಿಟ್ಟಿವೆ. ಅಂಕಿ ಒಂದೇ, ಅರ್ಥ ತದ್ವಿರುದ್ಧ.

ಅದಕ್ಕೇ ಒಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಎಳವೆಯ ಮಯೋಸಿನ್ ಅನ್ನುವ ಪ್ರೋಟೀನಿಗೆ ಬಣ್ಣ ಹಾಕಿದರೆ ಈಚೆಗೆ ಹುಟ್ಟಿದ ಎಳೆಗಳು ಮಾತ್ರ ಬೆಳಗುತ್ತವೆ. ಎಳೆಯೊಳಗೆ ರಕ್ತದ ಪ್ರತಿಕಾಯ ನುಗ್ಗಿದ್ದರೆ ಅದರ ಪೊರೆ ಹರಿದಿದೆ ಅಂತ ಅರ್ಥ. ಸಿರಿಯಸ್ ರೆಡ್ ಬಣ್ಣ ನಾರಿನ ಪಾಲನ್ನು ತೋರಿಸುತ್ತದೆ. ಇನ್ನು ಎಳೆಯ ಗಾತ್ರ. ಎಳೆ ಓರೆಯಾಗಿ ಕೊಯ್ದುಹೋದರೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಅದರ ಅತಿ ಕಿರಿದಾದ ಅಗಲವನ್ನು ಅಳೆಯುತ್ತಾರೆ. ಸರಾಸರಿಗಿಂತ ಎಳೆ ಎಳೆಗೂ ಎಷ್ಟು ಏರುಪೇರಿದೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಏರುಪೇರು ತಗ್ಗಿ, ಹರಿದ ಎಳೆಗಳು ಕಡಿಮೆಯಾಗಿ, ನಾರು ಹೆಚ್ಚದೆ ನಿಂತಿದ್ದರೆ ಆಗ ಚೇತರಿಕೆ ಅನ್ನುವ ಪದ ಬಳಸುವ ಧೈರ್ಯ ಬರುತ್ತದೆ.

ಸಿಕೆ 15,000 ಇದ್ದದ್ದು 5,000ಕ್ಕೆ ಇಳಿದಿದೆ. ಖುಷಿ ಪಡಬಹುದಾ?

ಸ್ವಲ್ಪ ಪಡಬಹುದು. ಸಿಕೆ ಅಂದರೆ ಹರಿದ ಎಳೆಗಳಿಂದ ರಕ್ತಕ್ಕೆ ಸೋರುವ ಕಿಣ್ವ. ಸಹಜವಾಗಿ ಸುಮಾರು 200ರ ಒಳಗೆ ಇರುತ್ತದೆ. ಸೋರಿಕೆ ತಗ್ಗಿದರೆ ಇಳಿಯುತ್ತದೆ. ಆದರೆ ಹಿಂದಿನ ದಿನ ಮಗು ಹೆಚ್ಚು ಓಡಾಡಿದ್ದರೆ ಏರುತ್ತದೆ, ಎರಡು ದಿನ ಜ್ವರ ಬಂದು ಮಲಗಿದ್ದರೆ ಇಳಿಯುತ್ತದೆ. ವಯಸ್ಸಾದಂತೆ ಸೋರಲು ಸ್ನಾಯುವೇ ಉಳಿಯದೆ ಇಳಿಯುವುದೂ ಉಂಟು. ಸಿಕೆ ಇಳಿದು ನಡಿಗೆಯೂ ಕುಸಿಯದೆ ಸ್ಥಿರವಾಗಿದ್ದರೆ ಅದು ಒಳ್ಳೆಯ ಲಕ್ಷಣ.

ಚುಚ್ಚದೆ ಕೊಯ್ಯದೆ ನೋಡುವ ದಾರಿ ಇಲ್ಲವಾ?

ಇದೆ, ಎಂಆರ್‌ಐ. ನನಗಂತೂ ಇದರ ಮೇಲೆ ತುಂಬಾ ನಂಬಿಕೆ. ಬಯಾಪ್ಸಿ ತೋರಿಸುವುದು ಒಂದೇ ಸ್ನಾಯುವಿನ ಒಂದು ಚೂರನ್ನು. ಅರ್ಧ ಇಂಚು ಆಚೆ ಚಿತ್ರ ಬೇರೆಯೇ ಇರಬಹುದು. ಎಂಆರ್‌ಐ ಇಡೀ ತೊಡೆಯನ್ನು ತೋರಿಸುತ್ತದೆ. ಪ್ರತಿ ಸ್ನಾಯುವಿನಲ್ಲಿ ಕೊಬ್ಬಿನ ಪಾಲು ಎಷ್ಟು ಅಂತ ಶೇಕಡಾವಾರು ಹೇಳುತ್ತದೆ. ತೊಡೆಯ ಹೊರಬದಿಯ ವಾಸ್ಟಸ್ ಲ್ಯಾಟರಾಲಿಸ್ ಸ್ನಾಯುವಿನಲ್ಲಿ ಕೊಬ್ಬು ಹೆಚ್ಚುವ ವೇಗ ನೋಡಿ ನಡಿಗೆ ಯಾವಾಗ ನಿಲ್ಲಬಹುದು ಅಂತ ಅಂದಾಜು ಕಟ್ಟಬಹುದು. ಟಿ2 ಅನ್ನುವ ಇನ್ನೊಂದು ಅಳತೆ ಊತ, ಉರಿಯೂತವನ್ನು ಹಿಡಿಯುತ್ತದೆ.

ತೊಂದರೆ ಅಂದರೆ ನಾಲ್ಕು ವರ್ಷದ ಮಗು ಆ ಸದ್ದಿನ ಸುರಂಗದಲ್ಲಿ ಅಲುಗದೆ ಮಲಗಬೇಕು. ಮನೆಯಲ್ಲಿ "ಪ್ರತಿಮೆ ಆಟ" ಆಡಿಸಿ ರೂಢಿ ಮಾಡಿಸಿದರೆ ಎಷ್ಟೋ ಮಕ್ಕಳು ಮಲಗುತ್ತಾರೆ.

ಔಷಧ ಕೊಟ್ಟ ಮೇಲೆ ನಮ್ಮ ಹುಡುಗ ಚೆನ್ನಾಗಿ ಓಡುತ್ತಿದ್ದಾನೆ. ಇನ್ನೇನು ಪುರಾವೆ ಬೇಕು?

ಅವನು ಓಡುವುದನ್ನು ನೋಡಿ ಕಣ್ಣು ತುಂಬಿಕೊಳ್ಳಿ. ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಡುಶೆನ್ ಇರುವ ಮಕ್ಕಳೂ ಬೆಳೆಯುತ್ತಾರೆ ಅಲ್ವಾ. ಸುಮಾರು 6-7 ವರ್ಷದವರೆಗೆ ಬೆಳವಣಿಗೆಯ ವೇಗ ಕಾಯಿಲೆಯನ್ನು ಮೀರಿಸುತ್ತದೆ. ಔಷಧ ಇಲ್ಲದೆಯೂ ಸುಧಾರಣೆ ಕಾಣುತ್ತದೆ.

ಎಂಬಾರ್ಕ್ ಅನ್ನುವ ಪ್ರಯೋಗದಲ್ಲಿ ಇದು ಎದ್ದು ಕಂಡಿತು. 4ರಿಂದ 7 ವರ್ಷದ 125 ಹುಡುಗರು. ಕೆಲವರಿಗೆ ಎಲೆವಿಡಿಸ್, ಕೆಲವರಿಗೆ ಔಷಧವಿಲ್ಲದ ಡ್ರಿಪ್. ನಾರ್ತ್ ಸ್ಟಾರ್ ಅಂತ ಒಂದು ಪರೀಕ್ಷೆ ಇದೆ. ನಿಲ್ಲುವುದು, ಜಿಗಿಯುವುದು, ಮೆಟ್ಟಿಲೇರುವುದು ಸೇರಿ 17 ಕೆಲಸ, ಒಂದಕ್ಕೆ 2ರಂತೆ ಒಟ್ಟು 34 ಅಂಕ. 52 ವಾರ ಕಳೆದಾಗ ಔಷಧ ಪಡೆದವರು 2.6 ಅಂಕ ಏರಿದ್ದರು. ಪಡೆಯದವರು? ಅವರೂ 1.9 ಏರಿದ್ದರು. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಅನ್ನುವಷ್ಟು ಚಿಕ್ಕದು. ಪ್ರಯೋಗ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ನೆಲದಿಂದ ಏಳುವ ಸಮಯ ಸುಮಾರು 0.6 ಸೆಕೆಂಡು, 10 ಮೀಟರ್ ಓಡುವ ಸಮಯ ಸುಮಾರು 0.4 ಸೆಕೆಂಡು ಔಷಧದ ಗುಂಪಿನಲ್ಲಿ ಚೆನ್ನಾಗಿತ್ತು.

ಸ್ನಾಯುವಿನಲ್ಲಿ ಪ್ರೋಟೀನ್ ಬಂದಿತ್ತು. ಒಂದು ವರ್ಷದಲ್ಲಿ ಅಂಕದಲ್ಲಿ ಮಾತ್ರ ಅಷ್ಟಾಗಿ ಕಾಣಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಒಂದು ವರ್ಷ ಸಾಲದು. ಅವನತಿ ಶುರುವಾಗುವ ವಯಸ್ಸಿನಲ್ಲಿ ಈ ಎರಡು ಗುಂಪು ಹೇಗೆ ಬೇರೆಯಾಗುತ್ತವೆ ಅನ್ನುವುದೇ ನಿಜವಾದ ಪರೀಕ್ಷೆ.

ನಡಿಗೆ ನಿಂತುಹೋದ ಹುಡುಗರನ್ನು ಹೇಗೆ ಅಳೆಯುತ್ತಾರೆ?

ತೋಳು, ಕೈ, ಬೆರಳಿನ ಕೆಲಸಕ್ಕೆ ಪಿಯುಎಲ್ ಅನ್ನುವ ಅಳತೆಪಟ್ಟಿ ಇದೆ. ಉಸಿರಿಗೆ ಎಫ್‌ವಿಸಿ, ಅಂದರೆ ಪೂರ್ತಿ ಎಳೆದುಕೊಂಡ ಉಸಿರನ್ನು ಜೋರಾಗಿ ಬಿಟ್ಟಾಗ ಎಷ್ಟು ಗಾಳಿ ಹೊರಬರುತ್ತದೆ ಅನ್ನುವ ಅಳತೆ. ಇವರಿಗೆ ಒಂದು ಲೋಟ ಬಾಯಿವರೆಗೆ ಎತ್ತುವುದು, ಫೋನ್ ತಾನೇ ಒತ್ತುವುದು ದೊಡ್ಡ ಸ್ವಾತಂತ್ರ್ಯ. ಪ್ರಯೋಗಗಳು ನಡೆಯುವ ಮಕ್ಕಳ ಸುತ್ತಲೇ ಸುತ್ತುತ್ತಿರುವುದು ಇವರಿಗೆ ಅನ್ಯಾಯ ಅಂತ ನನಗೆ ಅನಿಸುತ್ತದೆ. ತೂಕ ಜಾಸ್ತಿಯಾದಂತೆ ವೈರಸ್ ಪ್ರಮಾಣವೂ ಏರಿ ಅಪಾಯ ಹೆಚ್ಚುವುದು ನಿಜ. ಇವರಿಗಾಗಿಯೇ ಸುರಕ್ಷಿತ ದಾರಿ ಹುಡುಕಬೇಕು.

ಹೋದ ಸ್ನಾಯು ಮತ್ತೆ ಬರುತ್ತದಾ?

ಕೊಬ್ಬು, ನಾರು ಆಗಿಹೋದ ಜಾಗದಲ್ಲಿ ಜೀನ್ ಥೆರಪಿ ಹೊಸ ಎಳೆ ಹುಟ್ಟಿಸುವುದಿಲ್ಲ. ಉಳಿದಿರುವುದನ್ನು ಕಾಪಾಡುತ್ತದೆ ಅನ್ನುವುದೇ ಇದರ ಭರವಸೆ.

ಒಮ್ಮೆ ಕೊಟ್ಟರೆ ಜೀವನ ಪೂರ್ತಿ ಸಾಕಾ? ಮತ್ತೊಮ್ಮೆ ಕೊಡಬಹುದಾ?

ಎಎವಿ ತಂದ ಜೀನ್ ಹೆಚ್ಚಾಗಿ ನಮ್ಮ ಕ್ರೋಮೋಸೋಮಿಗೆ ಸೇರಿಕೊಳ್ಳುವುದಿಲ್ಲ, ಪಕ್ಕದಲ್ಲಿ ಬಿಡಿಯಾಗಿ ಉಳಿಯುತ್ತದೆ. ಎಳೆ ಬದುಕಿರುವವರೆಗೆ ಅದೂ ಇರುತ್ತದೆ. ಎಳೆ ಸತ್ತರೆ ಜೊತೆಗೇ ಹೋಗುತ್ತದೆ. ಸ್ಯಾಟಲೈಟ್ ಕೋಶಗಳಿಗೆ ಈ ವೈರಸ್ ಅಷ್ಟಾಗಿ ಇಳಿಯುವುದಿಲ್ಲ, ಹಾಗಾಗಿ ಅವು ಕಟ್ಟುವ ಹೊಸ ಭಾಗಕ್ಕೆ ಜೀನ್ ಸಿಗುವುದಿಲ್ಲ. ಮಗು ಬೆಳೆದು ಸ್ನಾಯು ದೊಡ್ಡದಾದಂತೆ ಇದ್ದದ್ದೇ ಹಂಚಿಹೋಗುತ್ತದೆ. ಎರಡನೇ ಡೋಸ್ ಈಗ ಸಾಧ್ಯವಿಲ್ಲ. ಮೊದಲ ಡೋಸ್ ಆದ ಮೇಲೆ ಪ್ರತಿಕಾಯಗಳು ಅಷ್ಟು ಏರಿರುತ್ತವೆ. ಬೇರೆ ಎಎವಿ ಪ್ರಯೋಗಕ್ಕೂ ಬಾಗಿಲು ಮುಚ್ಚಬಹುದು. ಸಹಿ ಹಾಕುವ ಮೊದಲು ಈ ಮಾತನ್ನು ಡಾಕ್ಟರ್ ಜೊತೆ ಕೂತು ಮಾತಾಡಿ.

ಇಲಿಗಳಲ್ಲಿ ಪೂರ್ತಿ ಗುಣವಾಯ್ತಂತೆ?

ಆಗಿರಬಹುದು. 1984ರಿಂದ ಬಳಕೆಯಲ್ಲಿರುವ ಎಂಡಿಎಕ್ಸ್ ಇಲಿಗೆ ಡಿಸ್ಟ್ರೋಫಿನ್ ಇಲ್ಲ. ಆದರೂ ಅದು ಓಡಾಡಿಕೊಂಡು ಸಹಜ ಆಯಸ್ಸಿನ ಹತ್ತಿರ ಬದುಕುತ್ತದೆ. ಅದರ ಸ್ನಾಯು ರಿಪೇರಿಯಲ್ಲಿ ನಮ್ಮದಕ್ಕಿಂತ ಜಾಣ. ಕಾಯಿಲೆ ಇರುವ ಗೋಲ್ಡನ್ ರಿಟ್ರೀವರ್ ನಾಯಿಗಳು ಮಕ್ಕಳ ಸ್ಥಿತಿಗೆ ಹೆಚ್ಚು ಹತ್ತಿರ.

ಕ್ರಿಸ್ಪರ್ ಬಂದರೆ ಎಲ್ಲ ಸರಿಹೋಗುತ್ತದಾ?

ಮಗುವಿನ ಸ್ವಂತ ಜೀನನ್ನೇ ತಿದ್ದುವ ದಾರಿ ಅದು. ಇಲಿ, ನಾಯಿಗಳಲ್ಲಿ ಡಿಸ್ಟ್ರೋಫಿನ್ ಮರಳಿ ಬಂದಿದೆ. ಆದರೆ ಜೀನ್ ತಿದ್ದುವ ಆ ಕತ್ತರಿಯನ್ನು ಒಳಗೆ ತಲುಪಿಸಲು ಮತ್ತೆ ಅದೇ ಎಎವಿ, ಅದೇ ದೊಡ್ಡ ಪ್ರಮಾಣ. 2022ರಲ್ಲಿ ಒಬ್ಬರಿಗಾಗಿಯೇ ರೂಪಿಸಿದ ಕ್ರಿಸ್ಪರ್ ಆಧಾರಿತ ಚಿಕಿತ್ಸೆ ಪಡೆದ 27 ವರ್ಷದ ಯುವಕ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕಾರಣ ವೈರಸ್ಸಿನ ಪ್ರಮಾಣಕ್ಕೆ ದೇಹ ತಿರುಗಿಬಿದ್ದದ್ದು.

ಜೀನ್ ಥೆರಪಿ ಆಯಿತಲ್ಲ, ಸ್ಟೆರಾಯ್ಡ್, ಫಿಸಿಯೋಥೆರಪಿ ನಿಲ್ಲಿಸಬಹುದಾ?

ಬೇಡ. ಸ್ಟೆರಾಯ್ಡನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಹಿಮ್ಮಡಿ ಎಳೆಯುವ ವ್ಯಾಯಾಮ, ಹೃದಯದ ತಪಾಸಣೆ, ಉಸಿರಿನ ಪರೀಕ್ಷೆ ಎಲ್ಲ ಹಾಗೇ ಮುಂದುವರಿಯಲಿ.

ಮನೆಯಲ್ಲೇ ನಾವು ಏನಾದರೂ ಅಳೆಯಬಹುದಾ?

ಖಂಡಿತ. ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಬರಿಗಾಲಿನಲ್ಲಿ ಮಗುವನ್ನು ನೆಲದ ಮೇಲೆ ಅಂಗಾತ ಮಲಗಿಸಿ. "ಏಳು" ಅನ್ನಿ. ಪಕ್ಕದಿಂದ ಫೋನಿನಲ್ಲಿ ವಿಡಿಯೋ ಮಾಡಿ. ಸೆಕೆಂಡು ಎಣಿಸುವುದರ ಜೊತೆಗೆ ಹೇಗೆ ಏಳುತ್ತಾನೆ ಅಂತ ನೋಡಿ: ಬೋರಲಾಗಿ ತಿರುಗುತ್ತಾನಾ, ಒಂದು ಕೈ ಊರುತ್ತಾನಾ ಎರಡೂ ಊರುತ್ತಾನಾ, ಮಂಡಿ ಮೇಲೆ, ತೊಡೆ ಮೇಲೆ ಕೈಯಿಟ್ಟು ಮೈಮೇಲೆ ಹತ್ತಿದಂತೆ ಏಳುತ್ತಾನಾ. ಈ ಕೊನೆಯದಕ್ಕೆ ಗವರ್ಸ್ ಲಕ್ಷಣ ಅಂತ ಹೆಸರು. ಬೇಗ ಏಳು ಅಂತ ಹುರಿದುಂಬಿಸಬೇಡಿ, ಗದರಬೇಡಿ, ಒಮ್ಮೆ ಸಾಕು. ಹಿಂದಿನ ರಾತ್ರಿ ನಿದ್ದೆ ಕೆಟ್ಟಿತ್ತಾ, ಶೀತ ಇತ್ತಾ ಅಂತ ತಾರೀಖಿನ ಜೊತೆ ಬರೆದಿಡಿ. ಆರು ತಿಂಗಳ ವಿಡಿಯೋ ಸಾಲಾಗಿ ಇಟ್ಟುಕೊಂಡು ಡಾಕ್ಟರ್ ಹತ್ತಿರ ಹೋಗಿ. ಮಗು ಹೊಸ ಜಾಗಕ್ಕೆ ಹೆದರಿ ಅಲ್ಲಿ ಏಳಲು ಒಪ್ಪದಿದ್ದರೂ ನಿಮ್ಮ ಕೈಯಲ್ಲಿ ತೋರಿಸಲು ಏನಾದರೂ ಇರುತ್ತದೆ.